ಮರ್ಯಾದೆಯ ನಾಲ್ಕು ಇಂಚು

ಅವತ್ತು ಬೆಳಗ್ಗೆ ಒಂಬತ್ತೂಕಾಲಿಗೆ ಟೈಲರಣ್ಣ ತನ್ನ ಫೋನಿಗೆ ಕಣ್ಣು ಹೊಡೆದ. ಎಡವಟ್ಟು ಶುರುವಾಗಿದ್ದೇ ಅಲ್ಲಿಂದ.

ಛೇ ಛೇ, ತಪ್ಪು ತಿಳ್ಕೋಬೇಡಿ. ಮನುಷ್ಯ ಅಂಥವನಲ್ಲ. ಐವತ್ತೆರಡು ವಯಸ್ಸು, ಕುತ್ತಿಗೆಗೆ ಟೇಪು, ಕಿವಿ ಮೇಲೆ ಸೀಮೆಸುಣ್ಣ, ತುಟಿ ಸಂದೀಲಿ ಎರಡು ಗುಂಡುಸೂಜಿ. ಸೂಜಿ ಬೀಳದ ಹಾಗೆ ಗಿರಾಕಿನ ಹೊಗಳಬಲ್ಲ ಕಲಾವಿದ. ಕಣ್ಣು ಹೊಡೆಯೋದು ಅವನ ಚಾಳಿ ಅಲ್ಲ, ಕಸುಬು.

ವಿಷಯ ಏನಪ್ಪಾ ಅಂದ್ರೆ, ಹೊಟ್ಟೆ ಬಂದಿರೋ ಗಿರಾಕಿಯ ಸೊಂಟ ಅಳೆದು, ಟೇಪಲ್ಲಿ ಬಂದ ನಂಬರ್ ಹಾಗ್ಹಾಗೇ ಕೂಗಿಬಿಟ್ರೆ ಆ ಗಿರಾಕಿ ಮತ್ತೆ ಅಂಗಡಿ ಮೆಟ್ಟಿಲು ಹತ್ತಲ್ಲ. ಅದಕ್ಕೇ ಟೈಲರಣ್ಣ ನಾಲ್ಕು ಇಂಚು ಕಮ್ಮಿ ಮಾಡಿ ಕೂಗ್ತಿದ್ದ. ಕೂಗಿ, ಹಿಂದೆ ನೋಟ್‌ಬುಕ್ ಹಿಡ್ಕೊಂಡು ನಿಂತಿರೋ ಭಾಮೈದನಿಗೆ ಟಕ್ ಅಂತ ಒಂದು ಕಣ್ಣು ಹೊಡೀತಿದ್ದ. ಭಾಮೈದ ಸದ್ದಿಲ್ಲದೆ ನಾಲ್ಕು ಸೇರಿಸಿ ಬರ್ಕೊಳ್ತಿದ್ದ. ಗಿರಾಕಿ ಕನ್ನಡಿ ಮುಂದೆ ಹೀರೋ, ಬಟ್ಟೆ ಮೈಮೇಲೆ ಸೂಪರ್ ಹಿಟ್. ಈ ನಾಲ್ಕು ಇಂಚಿಗೆ ಭಾವ ಭಾಮೈದ ಇಬ್ಬರೂ ಸೇರಿ ಇಟ್ಟಿದ್ದ ಹೆಸರು ‘ಮರ್ಯಾದೆ ಇಂಚು’. ಹದಿನೆಂಟು ವರ್ಷದಿಂದ ನಡೀತಿದ್ದ ಗುಟ್ಟು. ಮನೇಲಿ ಬಟ್ಟೆ ಕತ್ತರಿಸಿ ಹೊಲೀತಿದ್ದ ಹೆಂಡ್ತಿಗೂ ಗೊತ್ತಿರಲಿಲ್ಲ. ಅವಳ ಕೈಗೆ ಸೇರ್ತಿದ್ದಿದ್ದು ಭಾಮೈದ ಬರೆದ ನಿಜವಾದ ನಂಬರ್.

ಹೋದ ವಾರ ಭಾಮೈದನಿಗೆ ಬಸ್ ಕಂಡಕ್ಟರ್ ಕೆಲಸ ಸಿಕ್ತು. ಹೊರಡೋ ಮುಂಚೆ ಭಾವನ ಫೋನಿಗೆ ಏನೋ ಹಾಕಿಕೊಟ್ಟ.

“ಭಾವ, ಇನ್ಮೇಲೆ ನಾನ್ಯಾಕೆ? ಮೈಕ್ ಒತ್ತಿ, ಮಾತಾಡಿ, ಫೋನೇ ಬರ್ಕೊಳುತ್ತೆ. ಬರೆದಿದ್ದನ್ನ ಒಂದ್ಸಲ ಓದಿ. ತಪ್ಪಿದ್ರೆ ತಿದ್ದಿ. ಆಮೇಲೆ ಈ ಬಾಣದ ಗುರುತು ಒತ್ತಿ, ಅಕ್ಕಂಗೆ ಹೋಗುತ್ತೆ. ಓದದೆ ಮಾತ್ರ ಕಳಿಸ್ಬೇಡಿ. ಬಾಣ ಒತ್ತೋವರೆಗೂ ಅದು ನಿಮ್ಮ ಮಾತು. ಒತ್ತಿದ ಮೇಲೆ ಅಕ್ಕನ ಕತ್ತರಿ!”

ಎಂಥ ಡೈಲಾಗು! ಆದರೆ ತಿದ್ದೋದು ಹೇಗೆ ಅಂತ ಕೇಳೋಷ್ಟರಲ್ಲಿ ಅವನ ಬಸ್ಸು ಹೊರಟಿತ್ತು. ಹಾಗಾಗಿ ಟೈಲರಣ್ಣನಿಗೆ ಆ ಫೋನಲ್ಲಿ ಗೊತ್ತಿದ್ದಿದ್ದು ಎರಡೇ. ಮೈಕು, ಬಾಣ.

ಇನ್ನು ಅವತ್ತಿನ ಗಿರಾಕಿ. ಬ್ಯಾಂಡ್ ಮೇಷ್ಟ್ರು. ಇಪ್ಪತ್ನಾಲ್ಕು ಜನರ ಬ್ಯಾಂಡಿಗೆ ಯಜಮಾನರು, ಕಹಳೆ ಊದಿದ್ರೆ ಎದುರಿಗಿರೋನ ಟೋಪಿ ಹಾರಬೇಕು. ಅವರು ಎಲ್ಲಿಗಾದ್ರೂ ಬಂದ್ರೆ ಮೊದಲು ಹೊಟ್ಟೆ ಬರುತ್ತೆ, ಎರಡು ಸೆಕೆಂಡ್ ಆದ್ಮೇಲೆ ಮೀಸೆ, ಆಮೇಲೆ ಮೇಷ್ಟ್ರು. ಸಂಜೆ ಏಳಕ್ಕೆ ದೊಡ್ಡ ಮೈದಾನದಲ್ಲಿ ಬ್ಯಾಂಡ್ ಸ್ಪರ್ಧೆ. ಅದಕ್ಕೆ ಹೊಸ ನೀಲಿ ಕೋಟು ಬೇಕು. ಬಟ್ಟೆ ಹಿಂದಿನ ದಿನವೇ ಟೈಲರಣ್ಣನ ಮನೆ ಸೇರಿತ್ತು. ಹೆಂಡ್ತಿ ಅದನ್ನ ಮೇಜಿನ ಮೇಲೆ ಹಾಸ್ಕೊಂಡು, ಅಳತೆ ಬರ್ಲಿ ಅಂತ ಕತ್ತರಿ ಹಿಡ್ಕೊಂಡು ಕೂತಿದ್ಲು.

“ನೋಡಿ ಟೈಲರ್,” ಅಂದ್ರು ಮೇಷ್ಟ್ರು, “ಕೋಟು ನನಗೆ ಒಪ್ಪಿದ್ರೆ ನನ್ನ ಇಪ್ಪತ್ನಾಲ್ಕು ಹುಡುಗರ ಯೂನಿಫಾರ್ಮೂ ನಿಮಗೇ. ಒಪ್ಪದಿದ್ರೆ ಎದುರುಗಡೆ ರೆಡಿಮೇಡ್ ಅಂಗಡಿಗೆ. ಮೊನ್ನೆ ಅಲ್ಲಿ ನಲವತ್ತೆರಡರ ಕೋಟು ಹಾಕ್ಕೊಂಡೆ, ಗುಂಡಿ ಕೂರ್ಲೇ ಇಲ್ಲ. ಬಟ್ಟೆ ಕುಗ್ಗಿತ್ತು ಅನ್ಸುತ್ತೆ.”

“ಖಂಡಿತ ಕುಗ್ಗಿರುತ್ತೆ ಸಾರ್,” ಅಂದ ಟೈಲರಣ್ಣ, ಸೂಜಿ ಬೀಳದ ಹಾಗೆ.

ಆ ರೆಡಿಮೇಡ್ ಅಂಗಡಿ ಬಂದ ಮೇಲೆ ಟೈಲರಣ್ಣನ ಕೈಗೆ ಹೊಸ ಬಟ್ಟೆ ಬರೋದೇ ನಿಂತಿತ್ತು. ಬರ್ತಿದ್ದಿದ್ದೆಲ್ಲ ಹಳೇ ಪ್ಯಾಂಟಿನ ಜಿಪ್ಪು. ಈ ಇಪ್ಪತ್ನಾಲ್ಕು ಯೂನಿಫಾರ್ಮ್ ಸಿಕ್ಕಿದ್ರೆ ಅಂಗಡಿ ಉಳಿಯುತ್ತೆ. ಇಲ್ಲಾಂದ್ರೆ ಶಟರ್ ಎಳೆದು, ಭಾಮೈದನ ಬಸ್ಸಲ್ಲಿ ಟಿಕೆಟ್ ತಗೊಂಡು ಹೋಗ್ತಾ ಇರೋದೇ.

ಟೈಲರಣ್ಣ ಫೋನನ್ನ ಹೊಲಿಗೆ ಮೆಷಿನ್ನಿಗೆ ಒರಗಿಸಿ ನಿಲ್ಲಿಸಿದ. ಮೈಕ್ ಒತ್ತಿದ. ಟೇಪ್ ಬೀಸಿದ.

“ಎದೆ ನಲವತ್ನಾಲ್ಕು. ಭುಜ ಹತ್ತೊಂಬತ್ತು. ತೋಳು ಇಪ್ಪತ್ತೈದು.”

ಮೇಷ್ಟ್ರು ಉಸಿರು ಒಳಗೆಳ್ಕೊಂಡ್ರು. ಮೀಸೆ ಮೇಲೆದ್ದಿತು, ಹೊಟ್ಟೆ ಇದ್ದಲ್ಲೇ ಇತ್ತು. ಟೇಪಿನಲ್ಲಿ ನಲವತ್ತಾರು.

“ಸೊಂಟ... ನಲವತ್ತೆರಡು!” ಅಂತ ಕೂಗಿದ ಟೈಲರಣ್ಣ. ಹದಿನೆಂಟು ವರ್ಷದ ಅಭ್ಯಾಸ ಬಿಡುತ್ತಾ? ಮೆಷಿನ್ ಕಡೆ ತಿರುಗಿ ಫೋನಿಗೆ ಟಕ್ ಅಂತ ಕಣ್ಣು ಹೊಡೆದ.

ಆಮೇಲೆ ಇಬ್ಬರೂ ಬಗ್ಗಿ ನೋಡ್ತಾರೆ, ಅಬ್ಬಬ್ಬಾ! ಬೆಳ್ಳಗಿನ ಪರದೆ ಮೇಲೆ ಅಕ್ಷರಗಳು ಮುತ್ತು ಪೋಣಿಸಿದ ಹಾಗೆ ಸಾಲಾಗಿ ನಿಂತಿದ್ದವು. ಎದೆ ಅಂದಿದ್ದು ಎದೆ, ಭುಜ ಅಂದಿದ್ದು ಭುಜ. ಯಾರೂ ಪೆನ್ನು ಮುಟ್ಟಿಲ್ಲ, ಶಾಯಿ ಇಲ್ಲ, ಗಾಳೀಲಿ ಹೋಗ್ತಿದ್ದ ಮಾತನ್ನ ಹಿಡಿದು ಕೂರಿಸಿದ ಹಾಗಿತ್ತು. ಟೈಲರಣ್ಣನ ಬಾಯಿ ತೆರೀತು, ಸೂಜಿ ಎರಡೂ ಬಿತ್ತು.

“ಏನ್ರೀ ಇದು!” ಮೇಷ್ಟ್ರ ಕಣ್ಣು ದೊಡ್ಡದಾಯ್ತು. “ನಾನು ಮೂವತ್ತು ವರ್ಷದಿಂದ ಊದ್ತಿದೀನಿ, ಒಂದು ಸ್ವರಾನೂ ಹಿಂಗೆ ಯಾರೂ ಹಿಡಿದಿಲ್ಲ!”

ಪಕ್ಕದ ಅಂಗಡಿಯಿಂದ ಕ್ಷೌರದವನು ಓಡಿ ಬಂದ. ಬೀದಿಗೆಲ್ಲ ಸುದ್ದಿ ಹಂಚೋ ಕಾರಣಕ್ಕೆ ಅವನಿಗೆ ‘ಬ್ರೇಕಿಂಗ್ ನ್ಯೂಸ್’ ಅಂತ ಹೆಸರು. ಆ ಪಕ್ಕದಿಂದ ಜೆರಾಕ್ಸ್ ಅಕ್ಕ ಬಂದ್ಲು. ಮೊದಲು ಸ್ಕೂಲ್ ಟೀಚರ್ ಆಗಿದ್ದವಳು, ಈಗಲೂ ಕೆಂಪು ಪೆನ್ನು ಜೊತೇಲೇ ಇರುತ್ತೆ.

“ಕಳಿಸೋ ಮುಂಚೆ ಓದ್ಬೇಕು ಅಂತ ಭಾಮೈದ ಹೇಳಿದಾನೆ,” ಅಂದ ಟೈಲರಣ್ಣ, ಪರೀಕ್ಷೆ ಬರೆದ ಹುಡುಗನ ಥರ ಫೋನ್ ಮುಂದೆ ಹಿಡಿದು.

ಅವನು ಓದಿದ. ಬ್ರೇಕಿಂಗ್ ನ್ಯೂಸ್ ಓದಿದ. ಜೆರಾಕ್ಸ್ ಅಕ್ಕ ಕನ್ನಡಕ ಏರಿಸಿ, ಒತ್ತಕ್ಷರಕ್ಕೆಲ್ಲ ಬೆರಳಿಟ್ಟು ಓದಿದ್ಲು.

“ಒಂದಕ್ಷರನೂ ತಪ್ಪಿಲ್ಲ,” ಅಂತ ತೀರ್ಪು ಕೊಟ್ಲು, ಕೆಂಪು ಪೆನ್ನನ್ನ ಬೇಜಾರಲ್ಲೇ ಒಳಗಿಡ್ತಾ.

ಟೈಲರಣ್ಣ ಬಾಣ ಒತ್ತಿದ. ಟಿಂಗ್!

ಎಲ್ಲರೂ ಹೋದ್ರು, ಮೇಷ್ಟ್ರು ಮಾತ್ರ ಸ್ಟೂಲ್ ಮೇಲೆ ಗಟ್ಟಿಯಾಗಿ ಕೂತ್ರು. “ಕೋಟು ಕೈಗೆ ಬರೋವರೆಗೂ ನಾನು ಇಲ್ಲಿಂದ ಅಲ್ಲಾಡಲ್ಲ ಟೈಲರ್. ನಿಮ್ಮ ಫೋನ್ ಬರೆಯೋದನ್ನ ಇನ್ನೂ ನೋಡ್ಬೇಕು.”

ಟೈಲರಣ್ಣನಿಗೂ ಆಸೆ ತಡೆಯಲಿಲ್ಲ. ಕಳಿಸಿದ್ದನ್ನ ಇನ್ನೊಂದ್ಸಲ ತೆಗೆದು ನೋಡಿದ. ಎಲ್ಲಾ ಇದೆ. ಎದೆ ಇದೆ, ಭುಜ ಇದೆ, ‘ಸೊಂಟ’ ಅಂದ್ಮೇಲೆ ನಿಲ್ಲಿಸಿದ್ದಕ್ಕೆ ಒಂದಷ್ಟು ಜಾಗ ಕೂಡ ಬಿಟ್ಟಿದೆ. ಆದರೆ...

ಕಣ್ಣು ಹೊಡೆದಿದ್ದು ಎಲ್ಲಿ?

ಸಿನಿಮಾದಲ್ಲಾದ್ರೆ ಈ ಜಾಗದಲ್ಲಿ ಗುಡುಗು ಬಂದು, ಲೋಟ ಕೈ ಜಾರಿ ಸ್ಲೋ ಮೋಷನ್ನಲ್ಲಿ ಬೀಳುತ್ತೆ. ಇಲ್ಲಿ ಟೈಲರಣ್ಣನೇ ಸ್ಲೋ ಮೋಷನ್ನಲ್ಲಿ ಕುರ್ಚಿ ಮೇಲೆ ಬಿದ್ದ. ನಲವತ್ತಾರರ ಹೊಟ್ಟೆಗೆ ನಲವತ್ತೆರಡರ ಕೋಟು! ಮೇಷ್ಟ್ರು ಮೈದಾನದಲ್ಲಿ ಕಹಳೆ ಎತ್ತಿ ಮೊದಲ ಉಸಿರು ಎಳ್ಕೊಂಡ ಕೂಡಲೇ ಗುಂಡಿಗಳು ತೀರ್ಪುಗಾರರ ಕಡೆ ಹಾರ್ತವೆ. ಒಂದೊಂದು ಗುಂಡಿ ಜೊತೆ ಆರಾರು ಯೂನಿಫಾರ್ಮ್.

ಹೆಂಡ್ತಿಗೆ ಫೋನ್ ಮಾಡಿದ. ಎತ್ತಲಿಲ್ಲ. ಕೈಯಲ್ಲಿ ಕತ್ತರಿ ಇದ್ದಾಗ ಅವಳು ಯಾರ ಫೋನೂ ಎತ್ತಲ್ಲ, ತವರಿನಿಂದ ಬಂದ್ರೂ ಎತ್ತಲ್ಲ. ಮೆಸೇಜು ಮಾತ್ರ ಆಗಾಗ ನೋಡ್ತಾಳೆ. ಮನೆ ಅಲ್ಲಿಂದ ನಾಲ್ಕು ಸ್ಟಾಪು ದೂರ.

“ಸಾರ್, ಒಂದೈದು ನಿಮಿಷ ಮನೆಗೆ ಹೋಗ್ಬಿಟ್ಟು...”

“ನಡೀರಿ, ನಾನೂ ಬರ್ತೀನಿ! ನನ್ನ ಕೋಟು ಹುಟ್ಟೋದನ್ನ ನೋಡ್ದಂಗಾಗುತ್ತೆ.”

ಟೈಲರಣ್ಣ ಎದ್ದಷ್ಟೇ ಬೇಗ ಕೂತ. ದಾರಿ ಒಂದೇ. ಮೆಸೇಜ್ ತಿದ್ದಿ ಕಳಿಸ್ಬೇಕು. ಬಾಯಿಬಿಟ್ಟು ‘ನಲವತ್ತಾರು’ ಅನ್ಬೇಕು. ಆ ನಲವತ್ತಾರು ಮೂರಡಿ ದೂರದಲ್ಲಿ ಸ್ಟೂಲ್ ಮೇಲೆ ಕೂತು ಮೀಸೆ ತಿರುವ್ತಿದೆ.

ಟ್ರಯಲ್ ರೂಮಿನ ಪರದೆ ಸರಿಸಿ ಒಳಗೆ ಹೋದ. ಮೈಕ್ ಒತ್ತಿ ಪಿಸುಗುಟ್ಟಿದ. “ಸೊಂಟ ನಲವತ್ತಾರು.”

ಬ್ಯಾಂಡ್ ಮೇಷ್ಟ್ರ ಕಿವಿ ಅಂದ್ರೆ ಸುಮ್ನೇನಾ? ಇಪ್ಪತ್ನಾಲ್ಕು ವಾದ್ಯದ ಮಧ್ಯೆ ಒಬ್ಬ ಸ್ವರ ತಪ್ಪಿದ್ರೆ ಹಿಡಿಯೋ ಕಿವಿ.

“ಯಾರ್ರೀ ಅದು ನಲವತ್ತಾರು?” ಪರದೆ ಆಚೆಯಿಂದ ಬಂತು.

“ಅದು... ಬೇರೆ ಗಿರಾಕಿ ಸಾರ್.”

“ನಲವತ್ತಾರಾ! ಮನುಷ್ಯನಾ, ನೀರಿನ ಟ್ಯಾಂಕಾ? ಅಯ್ಯೋ ಪಾಪ. ಹೇಳಿ ಅವರಿಗೆ, ಸ್ವಲ್ಪ ಬಾಯಿ ಕಟ್ಟು ಅಂತ. ನನ್ನ ನೋಡಿ, ಈ ವಯಸ್ಸಲ್ಲೂ ನಲವತ್ತೆರಡು!”

“ಹೇಳ್ತೀನಿ ಸಾರ್, ಖಂಡಿತ ಹೇಳ್ತೀನಿ.”

ಟೈಲರಣ್ಣ ಬೆವರು ಒರೆಸ್ಕೊಂಡು ಫೋನ್ ನೋಡಿದ. ಓದದೆ ಕಳಿಸಬಾರದಲ್ಲ. ಓದಿದ. ‘ಸೊಂಟ ನಲವತ್ತಾರು ಯಾರ್ರೀ ಅದು ನಲವತ್ತಾರು ಅದು ಬೇರೆ ಗಿರಾಕಿ ಸಾರ್ ನಲವತ್ತಾರಾ ಮನುಷ್ಯನಾ ನೀರಿನ ಟ್ಯಾಂಕಾ ಅಯ್ಯೋ ಪಾಪ...’

ಪರದೆ ಆಚೆಯ ಮಾತನ್ನೂ ಬಿಟ್ಟಿಲ್ಲ! ಟೈಲರಣ್ಣನಿಗೆ ಸಿಟ್ಟಿಗಿಂತ ಜಾಸ್ತಿ ಭಕ್ತಿ ಬಂತು. ಇದೆಂಥ ಕಿವಿ ಇದರದ್ದು, ಮೇಷ್ಟ್ರನ್ನೂ ಮೀರಿಸ್ತಲ್ಲ! ಆದರೆ ಇದನ್ನ ಹೆಂಡ್ತಿಗೆ ಕಳಿಸೋದು ಹೇಗೆ? ಅಳಿಸ್ಬೇಕು. ಮೈಕ್ ಒತ್ತಿ ಮೆಲ್ಲಗೆ ಅಂದ, “ಅಳಿಸು.”

ಫೋನ್ ವಿನಯವಾಗಿ ಬರ್ಕೊಂಡಿತು, ‘ಅಳಿಸು’.

“ಅಯ್ಯೋ, ಬರೀಬೇಡ ಮಾರಾಯ, ಅಳಿಸು!”

‘ಅಯ್ಯೋ ಬರೀಬೇಡ ಮಾರಾಯ ಅಳಿಸು.’

“ಥೂ!”

‘ಥೂ.’

ಟೈಲರಣ್ಣ ಕೈಮುಗಿದ. ಆಮೇಲೆ ಹಿಂದಿನ ಬಾಗಿಲಿಂದ ಬ್ರೇಕಿಂಗ್ ನ್ಯೂಸ್ ಅಂಗಡಿಗೆ ನುಗ್ಗಿದ.

ಅಲ್ಲಿ ಕುರ್ಚೀಲಿ ಒಬ್ಬ ಅರ್ಧ ಕ್ರಾಪಲ್ಲಿ ಕೂತಿದ್ದ. ಬ್ರೇಕಿಂಗ್ ನ್ಯೂಸ್ ಕತ್ತರಿ ನಿಲ್ಲಿಸಿ, “ಏನಣ್ಣ, ದೆವ್ವ ನೋಡ್ದೋನ ಥರ ಇದೀಯ?” ಅಂದ.

“ಬರೆದಿದ್ದು ಅಳಿಸೋದು ಹೇಗೋ?”

“ಯಾಕೆ ಅಳಿಸ್ಬೇಕು? ಏನು ತಪ್ಪಾಯ್ತು? ಯಾರಿಗೆ ಕಳಿಸ್ತಿದೀಯ? ಅತ್ತಿಗೆಗೆ ಗೊತ್ತಾ?”

ಬೇರೆ ದಾರಿ ಇರಲಿಲ್ಲ. ಹದಿನೆಂಟು ವರ್ಷದ ಗುಟ್ಟು ಎರಡೇ ನಿಮಿಷದಲ್ಲಿ ಹೊರಗೆ ಬಿತ್ತು. ಬ್ರೇಕಿಂಗ್ ನ್ಯೂಸ್ ಕತ್ತರಿ ಎದೆಗೊತ್ಕೊಂಡು ನಿಂತ. ಅವನ ಜೀವಮಾನದಲ್ಲಿ ಇಂಥ ಸುದ್ದಿ ಬಂದಿರಲಿಲ್ಲ.

“ಮರ್ಯಾದೆ ಇಂಚು!” ಅಂದ. “ಹಾಗಾದ್ರೆ ನನ್ನ ಮೂವತ್ತೆಂಟು...?”

“ನಿಂದು ನಿಜ ಕಣೋ,” ಅಂದ ಟೈಲರಣ್ಣ, ತಲೆ ಬೇರೆ ಕಡೆ ತಿರುಗಿಸಿ.

ಬ್ರೇಕಿಂಗ್ ನ್ಯೂಸ್ ಫೋನ್ ತಗೊಂಡು ಏನೋ ಒತ್ತಿದ. ಟ್ಯಾಂಕು, ಥೂ, ಎಲ್ಲಾ ಮಾಯ. ಪರದೆ ತೊಳೆದ ಹಲಗೆ ಥರ ಬಿಳಿಯಾಯ್ತು. “ಹೂಂ, ಈಗ ಮಾತಾಡು. ನೀನೇ ಹೇಳ್ಬೇಕು, ಅದು ಬರೆಯೋದನ್ನ ನಾನು ನೋಡ್ಬೇಕು.”

“ಸೊಂಟ ನಲವತ್ತಾರು,” ಅಂದ ಟೈಲರಣ್ಣ.

“ಕಿವಿ ಹುಷಾರು!” ಅಂದ ಕುರ್ಚೀಲಿದ್ದವನು.

“ತಲೆ ಅಲ್ಲಾಡಿಸ್ಬೇಡಿ,” ಅಂದ ಬ್ರೇಕಿಂಗ್ ನ್ಯೂಸ್.

“ಎರಡೂ ಕಡೆ ಸಮ ಬರ್ಲಪ್ಪ. ಮೇಲೆ ಪೂರ್ತಿ ತೆಗೀಬೇಡ. ಹಿಂದೆ ಸ್ವಲ್ಪ ಬಿಡು.”

ಓದಿದ್ರೆ ಇಷ್ಟೂ ಬಂದಿತ್ತು. ಇದನ್ನ ಕಳಿಸಿದ್ರೆ ಹೆಂಡ್ತಿ ಮಾಡೋ ಕೋಟಿಗೆ ಕಿವಿ ಇರುತ್ತೆ, ಮೇಲೆ ಪೂರ್ತಿ ಇರುತ್ತೆ, ಹಿಂದೆ ಸ್ವಲ್ಪ ಬಿಟ್ಟಿರುತ್ತೆ. ಅವಳು ಹೇಳಿದ್ದನ್ನ ಹೇಳಿದಷ್ಟೇ ಮಾಡೋಳು. ಆ ವಿಷಯದಲ್ಲಿ ಅವಳೂ ಫೋನೂ ಅಕ್ಕತಂಗಿ.

ಕುರ್ಚೀಲಿದ್ದವನೂ ಅರ್ಧ ಕ್ರಾಪಲ್ಲೇ ಎದ್ದು ಬಂದು ಬಗ್ಗಿ ನೋಡಿದ. “ನಾನು ಅಂದಿದ್ದೂ ಬಂದಿದೆ! ಇದು ಅಳಿಸ್ಬೇಡಿ, ಒಂದು ಫೋಟೋ ತಗೋತೀನಿ.”

ಈ ಗಲಾಟೆಗೆ ಜೆರಾಕ್ಸ್ ಅಕ್ಕ ಪ್ರತ್ಯಕ್ಷಳಾದ್ಲು. ಎಲ್ಲಾ ಕೇಳಿದ್ಲು. ಫೋನ್ ಕಿತ್ಕೊಂಡು ಓದಿದ್ಲು. ಕೆಂಪು ಪೆನ್ನು ತಾನಾಗಿ ಕೈಗೆ ಬಂತು.

“ಪೂರ್ಣವಿರಾಮ ಇಲ್ಲ. ಯಾರು ಯಾರಿಗೆ ಹೇಳಿದ್ದು ಅಂತಿಲ್ಲ. ಬೆಳಗ್ಗೆ ಒಂದು ನಂಬರ್, ಈಗ ಒಂದು ನಂಬರ್, ಯಾವುದು ಸರಿ ಅಂತ ಅವಳಿಗೆ ಹೇಗೆ ಗೊತ್ತಾಗ್ಬೇಕು? ಕಾರಣ ಬರೀಬೇಕು. ಬನ್ನಿ ನನ್ನ ಅಂಗಡಿಗೆ, ಅಲ್ಲಿ ಸದ್ದಿಲ್ಲ.”

ಬ್ರೇಕಿಂಗ್ ನ್ಯೂಸೂ ಅರ್ಧ ಕ್ರಾಪ್ ಬಿಟ್ಟು ಹಿಂದೇ ಬಂದ. ಅವಳ ಅಂಗಡೀಲಿ ಮೆಷಿನ್ ಆಫ್ ಮಾಡಿ, ಫ್ಯಾನ್ ಆಫ್ ಮಾಡಿ, ಟೈಲರಣ್ಣನ್ನ ನಿಲ್ಲಿಸಿ ಪಾಠ ಒಪ್ಪಿಸೋ ಹಾಗೆ ಹೇಳಿಸಿದ್ಲು. ಫೋನ್ ಒಂದಕ್ಷರ ಬಿಡದೆ ಬರ್ಕೊಂಡಿತು. ಅಷ್ಟಕ್ಕೇ ಬಿಡ್ತಾಳಾ? ಪ್ರಿಂಟ್ ತೆಗೆದ್ಲು. ದೊಡ್ಡ ಹಾಳೆ, ದಪ್ಪ ಅಕ್ಷರ. ‘ಸೊಂಟ ನಲವತ್ತೆರಡಲ್ಲ, ನಲವತ್ತಾರು. ಮೇಷ್ಟ್ರ ಮರ್ಯಾದೆಗೋಸ್ಕರ ನಾಲ್ಕು ಕಮ್ಮಿ ಕೂಗಿದ್ದೆ.’ ಅದರ ಮೇಲೆ ಕೆಂಪು ಪೆನ್ನಲ್ಲಿ ಗುಂಡಗೆ ಸುತ್ತು ಹಾಕ್ತಾ, “‘ಕೂಗಿದ್ದೆ’ ಬೇಡ, ‘ಹೇಳಿದ್ದೆ’ ಅನ್ನಿ, ಗೌರವ ಇರುತ್ತೆ,” ಅಂದ್ಲು.

ಆಗ ಬಾಗಿಲಿಗೆ ನೆರಳು ಬಂತು. ಮೊದಲು ಹೊಟ್ಟೆ. ಎರಡು ಸೆಕೆಂಡ್. ಆಮೇಲೆ ಮೀಸೆ.

“ಇಲ್ಲಿದೀರಾ ಟೈಲರ್? ನನ್ನ ಬಿಟ್ಟು ನೀವೇ ಫೋನ್ ಆಡಿಸ್ತಿದೀರಾ? ಏನದು ಹಾಳೆ? ಓಹೋ, ಅದು ಬರೆದಿದ್ದು ಕಾಗದದ ಮೇಲೂ ಬರುತ್ತಾ? ಕೊಡಿ ಇಲ್ಲಿ, ನೋಡೋಣ!”

ಕೈ ಬಂತು. ಹಾಳೆ ಟೈಲರಣ್ಣನ ಕೈಯಲ್ಲಿ. ಓಡೋಕೆ ಜಾಗ ಇಲ್ಲ, ಬಾಗಿಲು ಪೂರ್ತಿ ಮೇಷ್ಟ್ರು. ಇಂಥ ಹೊತ್ತಲ್ಲಿ ಹೀರೋ ಆದವನು ಏನು ಮಾಡ್ತಾನೆ? ಕಿಟಕಿಯಿಂದ ಹಾರ್ತಾನೆ. ಇವನು ಹಾಳೇನ ನಾಲ್ಕು ಮಡಿಕೆ ಮಾಡಿ ಬಾಯಿಗೆ ಹಾಕ್ಕೊಂಡ. ಅಗಿದ.

ಮೇಷ್ಟ್ರ ಕೈ ಗಾಳೀಲೇ ನಿಂತಿತು. “ಏನ್ರೀ... ತಿಂದ್ಬಿಟ್ರಾ?”

“ಬೆಳಗ್ಗಿಂದ ಹೊಟ್ಟೆಗೇನೂ ಬಿದ್ದಿಲ್ಲ ಪಾಪ,” ಅಂದ್ಲು ಜೆರಾಕ್ಸ್ ಅಕ್ಕ, ಕಣ್ಣು ಪಿಳುಕಿಸದೆ. “ನಿಮ್ಮ ಕೋಟಿನ ಚಿಂತೇಲೇ ಇದಾರೆ ಸಾರ್.”

ಮೇಷ್ಟ್ರ ಕಣ್ಣಲ್ಲಿ ನೀರು. “ಇಂಥ ಕಲಾವಿದರು ಈ ಕಾಲದಲ್ಲಿ ಇದಾರಾ? ನಿಲ್ಲಿ, ನಾನೇ ಹೋಗಿ ಏನಾದ್ರೂ ತಿನ್ನೋಕೆ ತರ್ತೀನಿ.”

ಬಾಗಿಲು ಖಾಲಿಯಾಯ್ತು, ಬೆಳಕು ಬಂತು. ಸಿಕ್ಕಿದ್ದು ಮೂರೇ ನಿಮಿಷ. ಬ್ರೇಕಿಂಗ್ ನ್ಯೂಸ್ ಫೋನಲ್ಲಿದ್ದ ಹಳೇದನ್ನೆಲ್ಲ ಅಳಿಸಿಕೊಟ್ಟ. ಟೈಲರಣ್ಣ ಕಾಗದ ನುಂಗಿ, ನೀರು ಕುಡಿದು, ಮೈಕ್ ಒತ್ತಿದ. “ಸೊಂಟ ನಲವತ್ತಾರು.” ಜೆರಾಕ್ಸ್ ಅಕ್ಕ ಉಸಿರು ಬಿಗಿಹಿಡಿದ್ಲು. ಬ್ರೇಕಿಂಗ್ ನ್ಯೂಸ್ ತನ್ನ ಬಾಯಿಗೆ ತಾನೇ ಕೈ ಅಡ್ಡ ಇಟ್ಕೊಂಡ, ಆ ದೃಶ್ಯ ಬೀದಿ ಅಲ್ಲಿವರೆಗೂ ಕಂಡಿರಲಿಲ್ಲ. ಮೂರೂ ಜನ ಓದಿದ್ರು. ಎರಡೇ ಪದ, ಶುದ್ಧವಾಗಿ, ದೀಪದ ಹಾಗೆ ಹೊಳೀತಿದ್ದವು. ಬಾಣ. ಟಿಂಗ್!

ಎರಡು ನಿಮಿಷಕ್ಕೆ ಮನೆಯಿಂದ ಹೆಬ್ಬೆರಳು ಎತ್ತಿದ ಚಿತ್ರ ಬಂತು. ನೋಡಿದಾಳೆ, ಒಪ್ಪಿದಾಳೆ, ಇನ್ನೂ ಕತ್ತರಿ ಹಾಕಿಲ್ಲ!

“ಗೆದ್ದೆ ಕಣಣ್ಣ!” ಅಂತ ಬ್ರೇಕಿಂಗ್ ನ್ಯೂಸ್ ತಬ್ಕೊಂಡ. “ಗುಟ್ಟು ನನ್ನ ಹೊಟ್ಟೇಲೇ ಇರುತ್ತೆ.”

“ನನ್ನ ಹತ್ರನೂ,” ಅಂದ್ಲು ಜೆರಾಕ್ಸ್ ಅಕ್ಕ.

ಮಧ್ಯಾಹ್ನ ಪೂರ್ತಿ ಟೈಲರಣ್ಣ ಹಾಡು ಗುನುಗ್ತಾ ಹಳೇ ಜಿಪ್ಪು ಹೊಲಿದ. ಮೇಷ್ಟ್ರು ಅವನ ಫೋನ್ ತಗೊಂಡು ಅದರ ಮುಂದೆ ಕೂತು ಕೆಮ್ಮಿದ್ರು, ನಕ್ಕರು, ಮನೆಯವರ ಹೆಸರೆಲ್ಲ ಹೇಳಿದ್ರು, ಬಂದ ಅಕ್ಷರ ನೋಡಿ ಮಗುವಿನ ಥರ ಚಪ್ಪಾಳೆ ತಟ್ಟಿದ್ರು. ಮೂರು ಗಂಟೆಗೆ ಬ್ರೇಕಿಂಗ್ ನ್ಯೂಸ್ ಹತ್ರ ಹೋಗಿ ತಮ್ಮ ಫೋನಿಗೂ ಅದನ್ನ ಹಾಕಿಸ್ಕೊಂಡು, “ಹುಡುಗರಿಗೆ ತೋರಿಸ್ಬೇಕು” ಅಂತ ರಿಹರ್ಸಲ್‌ಗೆ ಓಡಿದ್ರು.

ಆರೂಕಾಲಿಗೆ ಹೆಂಡ್ತಿ ಬಗಲಲ್ಲಿ ಗಂಟು ಹಿಡ್ಕೊಂಡು ಆಟೋ ಇಳಿದ್ಲು. ಟೈಲರಣ್ಣ ಗಂಟು ಬಿಚ್ಚಿದ. ಕೋಟು ಬಿಚ್ಚಿದ. ಬಿಚ್ಚಿದ. ಇನ್ನೂ ಬಿಚ್ಚಿದ. ಕೋಟು ಮುಗೀತಾನೇ ಇಲ್ಲ.

“ಏನೇ ಇದು? ಕೋಟಾ, ಟೆಂಟಾ?”

“ನೀವು ಹೇಳಿದಷ್ಟೇ ರೀ.”

“ನಾನು ಹೇಳಿದ್ದು ನಲವತ್ತಾರು!”

“ಹೂಂ, ಬಂತಲ್ಲ. ಅದಾದ್ಮೇಲೆ ಕ್ಷೌರದ ಅಣ್ಣ ಕಳಿಸಿದ್ರು. ‘ಅತ್ತಿಗೆ, ಸೊಂಟಕ್ಕೆ ನಾಲ್ಕು ಇಂಚು ಸೇರಿಸಿ, ಅಣ್ಣಂಗೆ ಹೇಳೋಕೆ ಮುಜುಗರ.’ ಐವತ್ತಾಯ್ತು. ಆಮೇಲೆ ಜೆರಾಕ್ಸ್ ಅಕ್ಕ. ‘ದಯವಿಟ್ಟು ಸೊಂಟದ ಅಳತೆಗೆ ನಾಲ್ಕು ಇಂಚು ಸೇರಿಸತಕ್ಕದ್ದು, ಪೂರ್ಣವಿರಾಮ.’ ಐವತ್ನಾಲ್ಕು. ಇಡೀ ಬೀದಿನೇ ಹೇಳ್ತಿದೆ, ನಾನೊಬ್ಬಳು ಯಾಕೆ ಅಡ್ಡ ಬರ್ಲಿ ಅಂತ ಮಾಡ್ದೆ. ಟೋಪಿಗೆ ಅಂತ ಇಟ್ಟಿದ್ದ ಬಟ್ಟೆನೂ ಸೊಂಟಕ್ಕೇ ಹೋಯ್ತು.”

ಟೈಲರಣ್ಣ ತಿರುಗಿ ನೋಡಿದ. ಬ್ರೇಕಿಂಗ್ ನ್ಯೂಸ್ ಆಕಾಶ ನೋಡ್ತಿದ್ದ. ಜೆರಾಕ್ಸ್ ಅಕ್ಕ ಕನ್ನಡಕ ಒರೆಸ್ತಿದ್ಲು.

“ಒಂದು ಮಾತು ನನ್ನ ಕಡೆಯಿಂದಾನೂ ಹೋಗ್ಲಿ ಅಂತ...” ಅಂದ ಅವನು.

“ಖಚಿತವಾಗ್ಲಿ ಅಂತ,” ಅಂದ್ಲು ಅವಳು.

ಮಾತು ಮುಗಿಯೋಷ್ಟರಲ್ಲಿ ಬೀದೀಲಿ ಬ್ಯಾಂಡಿನ ವ್ಯಾನು ನಿಂತಿತು. ಮೇಷ್ಟ್ರು ಇಳಿದು ಬಂದು, ಕೈ ಚಾಚಿ, ಕೋಟು ತೊಟ್ಟು ಕನ್ನಡಿ ಮುಂದೆ ನಿಂತ್ರು. ಭುಜ ಕೂತಿತು. ತೋಳು ಕೂತಿತು. ಸೊಂಟದ ಹತ್ರ ಮಾತ್ರ ಒಂದು ದಿಂಬು, ಒಂದು ಮಗು, ಜೊತೆಗೆ ಒಂದು ಛತ್ರಿ ಇಡೋಷ್ಟು ಜಾಗ ಇತ್ತು. ಮೇಷ್ಟ್ರು ಆ ಖಾಲಿ ಬಟ್ಟೇನ ಎರಡೂ ಕೈಲಿ ಹಿಡಿದು ಮುಂದಕ್ಕೆ ಎಳೆದು, ಬೆರಳಿಟ್ಟು ಅಳೆದು ನೋಡಿದ್ರು. ಟೈಲರಣ್ಣನ ಮನಸ್ಸಲ್ಲಿ ಶಟರ್ ಅರ್ಧ ಇಳಿದಾಗಿತ್ತು.

“ಟೈಲರ್,” ಅಂದ್ರು ಮೇಷ್ಟ್ರು, ಬಟ್ಟೆ ಕೈಬಿಡದೆ, “ಬೆಳಗ್ಗೆ ನೀವು ಕೂಗಿದ್ದು ಎಷ್ಟು?”

“ನಲವತ್ತೆರಡು ಸಾರ್.”

“ಫೋನ್ ಬರೆದಿದ್ದು?”

“ನಲವತ್ತೆರಡು.”

“ಮೂರು ಜನ ಓದಿದ್ರಿ. ಒಂದಕ್ಷರನೂ ತಪ್ಪಿಲ್ಲ ಅಂದ್ರಿ.”

“ಅಂದ್ವಿ ಸಾರ್.”

“ಅಂದ್ರೆ ಕೋಟು ತಪ್ಪಿಲ್ಲ.” ಮೇಷ್ಟ್ರು ನಿಧಾನವಾಗಿ ಕನ್ನಡಿ ಕಡೆ ತಿರುಗಿದ್ರು. ಮುಖದಲ್ಲಿ ಸೂರ್ಯ ಹುಟ್ಟಿದ ಹಾಗೆ ಬೆಳಕು. “ನಾನು... ನಾನು ಕರಗಿದೀನಿ!”

ಬ್ರೇಕಿಂಗ್ ನ್ಯೂಸ್ ಟೈಲರಣ್ಣನ ಕೈ ಚಿವುಟಿದ.

“ಒಂದೇ ದಿನ! ಮಧ್ಯಾಹ್ನ ಮೂರು ಗಂಟೆ ಹೊತ್ತು ಊದಿದ್ದಕ್ಕೇ ಎಂಟು ಇಂಚು ಹೋಯ್ತಾ? ನಲವತ್ತೆರಡರಲ್ಲಿ ಎಂಟು ಕಳೆದ್ರೆ... ಮೂವತ್ನಾಲ್ಕು! ಅಪ್ಪಾ! ಕಾಲೇಜಲ್ಲಿದ್ದಾಗ ಮೂವತ್ನಾಲ್ಕು ಕಣ್ರೀ ನಾನು!” ಅಂತ ಕಣ್ಣು ಒರೆಸ್ಕೊಂಡು, ಸೊಂಟಕ್ಕೆ ಬಂಗಾರದ ಬಣ್ಣದ ಬೆಲ್ಟು ಬಿಗಿದ್ರು. ನೀಲಿ ಬಟ್ಟೆ ಸುತ್ತಲೂ ನೆರಿಗೆ ನೆರಿಗೆಯಾಗಿ ನಿಂತಿತು. ನಿಜ ಹೇಳ್ಬೇಕಂದ್ರೆ ರಾಜರ ಥರ ಕಾಣ್ತಿದ್ರು. ಟೈಲರಣ್ಣನೂ ಬಾಯಿ ಬಿಟ್ಕೊಂಡು ನೋಡಿದ.

“ಟೈಲರ್! ಇಪ್ಪತ್ನಾಲ್ಕೂ ನಿಮಗೇ!”

ಬ್ರೇಕಿಂಗ್ ನ್ಯೂಸ್ ಶಿಳ್ಳೆ ಹೊಡೆದ. ಹೆಂಡ್ತಿ ಗಂಡನ ಕಡೆ ಹೊಸದಾಗಿ ನೋಡಿದ್ಲು. ಟೈಲರಣ್ಣನ ಕೈ ತಾನಾಗಿ ಕುತ್ತಿಗೆಯ ಟೇಪಿಗೆ ಹೋಯ್ತು. “ನಾಳೆ ಬೆಳಗ್ಗೆ ಹುಡುಗರನ್ನ ಕಳಿಸಿ ಸಾರ್, ಒಬ್ಬೊಬ್ಬರದೇ ಅಳತೆ ತಗೊಂಡು...”

“ಅಳತೆನಾ?” ಮೇಷ್ಟ್ರು ನಕ್ಕರು. “ಯಾವ ಕಾಲದಲ್ಲಿದೀರಿ? ಫೋನ್ ಇರುವಾಗ ಟೇಪ್ ಯಾಕೆ? ರಿಹರ್ಸಲ್ಲಲ್ಲಿ ಇಪ್ಪತ್ನಾಲ್ಕು ಜನಾನೂ ಸಾಲಾಗಿ ನಿಂತು, ಮೈಕ್ ಒತ್ತಿ, ಅವರವರ ಅಳತೆ ಅವರವರೇ ಹೇಳಿದ್ರು. ಎಲ್ಲರ ಮುಂದೆ, ಗಟ್ಟಿಯಾಗಿ! ನಿಮ್ಮ ಫೋನಲ್ಲಿದ್ದ ನಿಮ್ಮ ಮನೆಯವರ ನಂಬರಿಗೇ ಕಳಿಸಿದೀನಿ.”

ಹೆಂಡ್ತಿಯ ಫೋನಲ್ಲಿ ಪಟ್ಟಿ ಇತ್ತು. ಟೈಲರಣ್ಣ ಓದಿದ. ‘ದೊಡ್ಡ ಡ್ರಮ್ಮು, ಸೊಂಟ ಇಪ್ಪತ್ತೊಂಬತ್ತು. ಸಣ್ಣ ಡ್ರಮ್ಮು, ಇಪ್ಪತ್ತೆಂಟು. ತಾಳ, ಇಪ್ಪತ್ತೇಳೂವರೆ...’

ಬಾಗಿಲಾಚೆ ನೋಡಿದ. ದೊಡ್ಡ ಡ್ರಮ್ಮಿನವನು ವ್ಯಾನಿಂದ ಇಳಿಯೋಕೆ ಒದ್ದಾಡ್ತಿದ್ದ. ಡ್ರಮ್ಮು ಸುಲಭವಾಗಿ ಇಳಿದಿತ್ತು. ಅವನು ಬಾಗಿಲಲ್ಲಿ ಸಿಕ್ಕಿಹಾಕ್ಕೊಂಡಿದ್ದ. ಇಬ್ಬರು ಎಳೀತಿದ್ರು.

“ಸಾರ್, ಆದ್ರೂ ಒಂದ್ಸಲ ಟೇಪ್ ಇಟ್ಟು...”

ಮೇಷ್ಟ್ರ ಮೀಸೆ ನೆಟ್ಟಗಾಯ್ತು. “ಟೇಪ್ ಇಟ್ರೆ ನನ್ನ ಹುಡುಗರ ಮಾತಿನ ಮೇಲೆ ಅನುಮಾನ ಪಟ್ಟ ಹಾಗೆ. ಸ್ವಾಭಿಮಾನಿಗಳು ಅವರು, ಸಹಿಸಲ್ಲ. ಆರ್ಡರ್ ಎದುರಂಗಡಿಗೆ ಹೋಗುತ್ತೆ, ಹೇಳಿರ್ತೀನಿ. ಮುಂದಿನ ಭಾನುವಾರಕ್ಕೆ ಬೇಕು. ನೀವೇನೂ ಯೋಚನೆ ಮಾಡ್ಬೇಡಿ ಟೈಲರ್, ಕಳಿಸೋ ಮುಂಚೆ ಇಪ್ಪತ್ನಾಲ್ಕು ಜನಾನೂ ಓದಿ ನೋಡಿದಾರೆ. ಒಂದಕ್ಷರನೂ ತಪ್ಪಿಲ್ಲ!”

ವ್ಯಾನು ಹೊರಟಿತು. ಟೈಲರಣ್ಣ ಬಾಗಿಲಲ್ಲೇ ನಿಂತಿದ್ದ. ಹೆಂಡ್ತಿ ಪಟ್ಟಿ ಮೇಲಿಂದ ಕೆಳಗೆ ಒಂದ್ಸಲ, ಕೆಳಗಿಂದ ಮೇಲೆ ಒಂದ್ಸಲ ನೋಡಿ, ಗಂಡನ್ನ, ಬ್ರೇಕಿಂಗ್ ನ್ಯೂಸ್‌ನ, ಜೆರಾಕ್ಸ್ ಅಕ್ಕನ್ನ ಒಬ್ಬೊಬ್ಬರನ್ನೇ ದಿಟ್ಟಿಸಿ ಕೇಳಿದ್ಲು.

“ಈಗ್ಲೇ ಹೇಳ್ಬಿಡಿ. ಇದಕ್ಕೆಲ್ಲ ತಲಾ ಎಷ್ಟು ಸೇರಿಸ್ಲಿ?”